ನೀರುಗಂಟಿಯ ಸರದಿ

ಉಚ್ಚೆಯ ವಿಷಯ ಬರೆಯುತ್ತಿದ್ದೇನೆ ಎಂದಾಗ ಕಡೂರಿನಲ್ಲಿರುವ ನನ್ನ ಮಗಳು ಫೋನಿನಲ್ಲಿ, "ಬರಿಯೋಕೆ ಬೇರೆ ಏನೂ ಸಿಗಲಿಲ್ವೇನಪ್ಪಾ ನಿಂಗೆ?" ಅಂದಳು. ಸಿಗುತ್ತಿತ್ತು. ಆದರೆ ಈ ಎಪ್ಪತ್ತೆರಡು ವರ್ಷದಲ್ಲಿ ನಾನು ನಿಜವಾಗಿ ತಲೆಬಾಗಿದ್ದು ಎರಡು ಜನರಿಗೆ. ಆ ಇಬ್ಬರೂ ನನಗೆ ಪರಿಚಯವಾದದ್ದು ಈ ಉಚ್ಚೆಯ ದೆಸೆಯಿಂದಲೇ. ಆದ್ದರಿಂದ ಬರೆಯುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ, ಮುಚ್ಚಿಕೊಂಡೂ ಓದಬಹುದು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಮೂತ್ರಪಿಂಡದ ಚಿತ್ರವನ್ನು ಕರಿಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ಮೂತ್ರಕೋಶಕ್ಕೆ ಬಾಣ ಎಳೆದು ಹೆಸರು ಬರೆಯದ ಹುಡುಗರಿಗೆ ನಿರ್ದಾಕ್ಷಿಣ್ಯವಾಗಿ ಅಂಕ ಕತ್ತರಿಸಿದ್ದೇನೆ. ಹೆಂಡತಿ ತೀರಿಕೊಂಡ ಎರಡು ವರ್ಷಕ್ಕೆ ಪ್ರಾಸ್ಟೇಟ್ ಆಪರೇಷನ್ ಆಯಿತು. ಆಮೇಲಿನಿಂದ ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಬೇಗ ಎದ್ದರೆ ಒಂದಿಷ್ಟು ಜಾರಿಬಿಡುತ್ತಿತ್ತು. ಇಷ್ಟೆಲ್ಲ ಪಾಠ ಹೇಳಿದವನಿಗೆ ಅದನ್ನು ಡಾಕ್ಟರ ಹತ್ತಿರ ಹೋಗಿ ಹೇಳುವ ಧೈರ್ಯ ಬರಲಿಲ್ಲ. ಗುರುತಿಲ್ಲದ ಊರಿನ ಅಂಗಡಿಯಿಂದ ಪ್ಯಾಡ್ ತಂದು ಗುಟ್ಟಾಗಿ ಕಟ್ಟಿಕೊಂಡೆ. ಮಗಳ ಮನೆಯಲ್ಲಿ ಅದು ಎಷ್ಟು ದಿನ ಮುಚ್ಚಿಡಲು ಸಾಧ್ಯ? "ನಂಗೆ ಏಕಾಂತ ಬೇಕು ಕಣಮ್ಮ" ಎಂದು ದೊಡ್ಡ ಮಾತಾಡಿ, ತರೀಕೆರೆಯ ಹೊರಗಿರುವ ಈ ವೃದ್ಧಾಶ್ರಮಕ್ಕೆ ನಾನೇ ಬಂದು ಸೇರಿಕೊಂಡೆ.

ಇದು ಮೊದಲು ಹುಡುಗರ ಹಾಸ್ಟೆಲ್ ಆಗಿದ್ದ ಕಟ್ಟಡ. ಉದ್ದನೆಯ ಪಡಸಾಲೆ, ಅದರ ಪಕ್ಕಕ್ಕೆ ಸಾಲಾಗಿ ಕೋಣೆಗಳು, ಒಂದು ತುದಿಗೆ ನಾಲ್ಕು ಪಾಯಿಖಾನೆ. ಅದರಲ್ಲಿ ಒಂದು ಯಾವಾಗಲೂ ರಿಪೇರಿ. ಓಡಾಡುವ ಹುಡುಗರಿಗೆ ಕಟ್ಟಿದ್ದನ್ನು ಓಡಲಾಗದ ಹದಿನಾಲ್ಕು ಜನಕ್ಕೆ ಕೊಟ್ಟಿದ್ದರು. ಬೆಳಿಗ್ಗೆ ಆಯಾ ಎರಡು ಬಕೆಟ್ ಹಿಡಿದುಕೊಂಡು ಬರುತ್ತಿದ್ದಳು. ನೀಲಿ ಬಕೆಟ್ಟಿಗೆ ಮಾಮೂಲಿ ಬಟ್ಟೆ, ಕೆಂಪು ಬಕೆಟ್ಟಿಗೆ ಒದ್ದೆ ಮಾಡಿಕೊಂಡವರ ಬಟ್ಟೆ. ನೀಲಿ ಬಕೆಟ್ಟಿನದು ಮುಂದಿನ ಅಂಗಳದ ತಂತಿಯ ಮೇಲೆ ಒಣಗುತ್ತಿತ್ತು. ಕೆಂಪು ಬಕೆಟ್ಟಿನದಕ್ಕೆ ಹಿತ್ತಲಲ್ಲಿ ಬೇರೆ ತಂತಿ. ಯಾರ ಪಂಚೆ ಯಾವ ಬಕೆಟ್ಟಿಗೆ ಬಿತ್ತು ಎನ್ನುವುದನ್ನು ನಾವೆಲ್ಲ ಪೇಪರ್ ಓದುವವರ ಹಾಗೆ ನಟಿಸುತ್ತ ನೋಡುತ್ತಿದ್ದೆವು.

ನನ್ನ ಕೋಣೆಯಲ್ಲಿ ಇನ್ನೊಬ್ಬರಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಬುಕ್ಕಾಂಬುಧಿಯ ಆಚೆಯ ಒಂದು ಹಳ್ಳಿಯ ನೀರುಗಂಟಿ. ಬುಕ್ಕಾಂಬುಧಿಯ ದೊಡ್ಡ ಕೆರೆ ಎಲ್ಲರಿಗೂ ಗೊತ್ತು. ಇವರದು ಅದರ ಮುಂದೆ ಚಿಕ್ಕ ಕೆರೆ. ಆ ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ತೀರ್ಮಾನಿಸಿ ಹರಿಸುವುದು ಅವರ ಮನೆತನದ ಕೆಲಸ. ನಾನು ಹಿರೇನಲ್ಲೂರು ಕಡೆಯ ಬೆದ್ದಲು ಸೀಮೆಯವನು, ಮಳೆ ಬಂದರೆ ರಾಗಿ, ಬಾರದಿದ್ದರೆ ಇಲ್ಲ. ನೀರನ್ನು ಸರದಿ ಪ್ರಕಾರ ಹಂಚುವ ಒಬ್ಬ ಮನುಷ್ಯ ಇರುತ್ತಾನೆ, ಅವನ ಮಾತಿಗೆ ಊರು ನಡೆಯುತ್ತದೆ ಎನ್ನುವುದೇ ನನಗೆ ಹೊಸದು. ಅವರಿಗೆ ಮಕ್ಕಳಿರಲಿಲ್ಲ. ತಮ್ಮನ ಮಗ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದನಂತೆ. ಒಂದು ದಿನ ಬೀಗರು ಬಂದು ಕೂತಿದ್ದಾಗ ನಡುಮನೆಯ ಚಾಪೆಯ ಮೇಲೆ ಆಗಿಹೋಯಿತಂತೆ. ಮಾರನೆಯ ದಿನವೇ, "ನನ್ನ ಎಲ್ಲಾದ್ರೂ ಬಿಟ್ಬಾರೋ" ಎಂದು ಹಟ ಹಿಡಿದು ಇಲ್ಲಿಗೆ ಬಂದರು.

ಅವರ ಬಟ್ಟೆ ದಿನವೂ ಕೆಂಪು ಬಕೆಟ್ಟಿಗೇ ಬೀಳುತ್ತಿತ್ತು. ನನ್ನದು ನೀಲಿಗೆ. ನನ್ನ ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿ, ವಾಕಿಂಗ್ ನೆಪದಲ್ಲಿ ಕಾಂಪೌಂಡಿನ ತೆಂಗಿನ ಗುಂಡಿಗೆ ಹಾಕಿ ಬರುತ್ತಿದ್ದೆ. ಇಷ್ಟಕ್ಕೇ ಬಿಟ್ಟಿದ್ದರೆ ನಾನು ಬರೀ ಪುಕ್ಕಲ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಒಂದು ದಿನ ಸಿಟ್ಟು ನೆತ್ತಿಗೇರಿ ಮ್ಯಾನೇಜರಿಗೆ ದೂರು ಬರೆದೆ. ಒಂದು ಪುಟ, ಒಳ್ಳೆಯ ಕೈಬರಹ. "ಸಹವಾಸಿಯವರ ದೌರ್ಬಲ್ಯದಿಂದಾಗಿ ಕೊಠಡಿಯಲ್ಲಿ ಅಸಹನೀಯ ದುರ್ವಾಸನೆ" ಎಂದು ಬರೆದದ್ದು ಇವತ್ತಿಗೂ ನೆನಪಿದೆ. ಆ ವಾಸನೆಯಲ್ಲಿ ನನ್ನ ಪಾಲೂ ಇತ್ತು. ಅದನ್ನು ಬರೆಯಲಿಲ್ಲ.

ಮ್ಯಾನೇಜರು ಕೆಟ್ಟವರಲ್ಲ, ಕಾಗದ ಬಂದರೆ ಅದರ ಮೇಲೆ ಏನಾದರೂ ಮಾಡಲೇಬೇಕು ಎನ್ನುವ ಜಾತಿ. ನೀರುಗಂಟಿಯವರನ್ನು ಹಿಂದಿನ ವಾರ್ಡಿಗೆ ಹಾಕಿ ಉಚ್ಚೆಗೆ ಪೈಪು ಹಾಕಿಸಿಬಿಡೋಣ ಎಂದರು. ಹಿಂದಿನ ವಾರ್ಡ್ ಎಂದರೆ ಮಂಚ ಬಿಟ್ಟು ಏಳದವರ ಜಾಗ. ಅಲ್ಲಿಗೆ ನಡೆದುಕೊಂಡು ಹೋದವರು ನಡೆದುಕೊಂಡು ಬಂದದ್ದನ್ನು ನಾನು ನೋಡಿಲ್ಲ.

ಅದೇ ವಾರ, ಶಾಲೆಗಳು ಶುರುವಾಗುವ ಹೊತ್ತಿಗೆ, ಹೊಸ ಸಿಸ್ಟರ್ ಬಂದರು. ಕಡೂರಿನವರು, ಐವತ್ತರ ಮೇಲಿನ ಮುಸ್ಲಿಂ ಹೆಂಗಸು. ಮನೆಗೆ ಫೋನು ಮಾಡಿದಾಗ ದಖನಿ, ನಮ್ಮ ಹತ್ತಿರ ಬೈಯುವಾಗ ಅಚ್ಚ ಕನ್ನಡ. ಹೆರಿಗೆ ವಾರ್ಡುಗಳಲ್ಲೇ ಆಯುಷ್ಯ ಕಳೆದವರು. ದಿನಾ ಬೆಳಿಗ್ಗೆ ಬೀರೂರಿನ ಮೇಲೆ ಬರುವ ಬಸ್ಸಿನಲ್ಲಿ ಬಂದು, ಬುರ್ಖಾ ತೆಗೆದು ಮೊಳೆಗೆ ಹಾಕಿ, ಏಪ್ರನ್ ತೊಟ್ಟು ನೇರ ಕೆಂಪು ಬಕೆಟ್ಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಅದರೊಳಗೆ ಇಣುಕುವುದರಲ್ಲಿ ಅವರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಮೂರನೆಯ ದಿನ ಮ್ಯಾನೇಜರ ಎದುರಿಗೆ ಹೋಗಿ, "ಪೈಪು ಬೇಡ ಸಾರ್. ಗೌರಿ ಹಬ್ಬದವರ್ಗೂ ಟೈಮ್ ಕೊಡಿ" ಅಂದರು. ಮೂರು ತಿಂಗಳು ಸಿಕ್ಕಿತು.

ಮೊದಲು ಎಲ್ಲರದೂ ಮೂತ್ರ ಪರೀಕ್ಷೆಗೆ ಹೋಯಿತು. ಮೂವರಿಗೆ ಸೋಂಕು ಇತ್ತು, ಮಾತ್ರೆಯಲ್ಲೇ ವಾಸಿಯಾಯಿತು. ನೀರುಗಂಟಿಯವರ ಬಿ.ಪಿ. ಮಾತ್ರೆ ಮೈಯ ನೀರನ್ನು ಇಳಿಸುವ ಜಾತಿಯದು. ಅದನ್ನು ನಮ್ಮಲ್ಲಿ ರಾತ್ರಿ ಊಟವಾದ ಮೇಲೆ ಕೊಡುತ್ತಿದ್ದರು. ಸಿಸ್ಟರ್ ಡಾಕ್ಟರನ್ನು ಕೇಳಿ ಅದನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿದರು. ಮಲಬದ್ಧತೆ ಇದ್ದವರ ಊಟಕ್ಕೆ ಸೊಪ್ಪು, ಪಪ್ಪಾಯಿ ಬಂತು. ಮೂರು ಹೊತ್ತಿನ ಕಾಫಿ ಒಂದಾಯಿತು. ಇದಕ್ಕೆ ಆದ ಗಲಾಟೆ ಬೇರೆ ಯಾವುದಕ್ಕೂ ಆಗಲಿಲ್ಲ.

ಆಮೇಲೆ ನೀರಿನ ವಿಚಾರ. "ಮೇಷ್ಟ್ರೇ, ದಿನಕ್ಕೆ ಎಷ್ಟು ಲೋಟ ನೀರು ಕುಡೀತೀರಿ?" ಎಂದು ಕೇಳಿದರು. "ಬಾಯಾರಿದಷ್ಟು" ಅಂದೆ. "ಎರಡು. ನಾನು ನೋಡಿದೀನಿ. ಹೆದರ್ಕೊಂಡು ಕುಡಿಯದೆ ಇದ್ರೆ ಉಚ್ಚೆ ಗಟ್ಟಿಯಾಗಿ ಒಳಗೆ ಉರಿ ಹಚ್ಚುತ್ತೆ, ಇನ್ನೂ ಅವಸರ ಮಾಡುತ್ತೆ. ವಿಜ್ಞಾನದ ಮೇಷ್ಟ್ರಿಗೆ ನಾನು ಹೇಳ್ಬೇಕಾ?" ನಾನು ಕನ್ನಡಕ ಒರೆಸಿಕೊಂಡೆ. ನನಗೆ ಅಂಥ ತೊಂದರೆ ಏನೂ ಇಲ್ಲ ಎಂದೆ. ಅವರು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು ಹೋದರು.

ಕಸರತ್ತು ಹೇಳಿಕೊಟ್ಟದ್ದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪಡಸಾಲೆಯಲ್ಲಿ ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಒಂದು ಕಡೆ ಕುರ್ಚಿಯ ಮೇಲೆ ಕೂರಿಸಿದರು. "ನಾಲ್ಕು ಜನದ ಮಧ್ಯೆ ಕೂತಿದ್ದೀರಿ. ಹೊಟ್ಟೇಲಿ ಗಾಳಿ ಹೊರಡ್ತು. ಏನ್ ಮಾಡ್ತೀರಿ? ಬಿಗಿ ಹಿಡೀತೀರಲ್ವಾ, ಅದೇ. ಹೊಟ್ಟೆ ಬಿಗೀಬೇಡಿ, ತೊಡೆ ಬಿಗೀಬೇಡಿ, ಬರೀ ಅದನ್ನ ಮಾತ್ರ. ಐದು ಎಣಿಸಿ. ಬಿಡಿ. ಮತ್ತೆ." ಬಾಣಂತಿಯರಿಗೆ ಹೇಳಿಕೊಡುವ ಕಸರತ್ತಂತೆ. ಮುಖ ಕೆಂಪಗೆ ಮಾಡಿಕೊಂಡು, ಹಲ್ಲು ಕಚ್ಚಿಕೊಂಡು ಕೂತ ನಮ್ಮನ್ನು ಗೇಟಿನ ಆಚೆಯಿಂದ ಯಾರಾದರೂ ನೋಡಿದ್ದರೆ ಧ್ಯಾನ ಅಂದುಕೊಂಡು ಕೈಮುಗಿಯುತ್ತಿದ್ದರು. ನೀರುಗಂಟಿಯವರಿಗೆ ಮಾತ್ರ ಇದು ತಕ್ಷಣ ಹಿಡಿಯಿತು. "ಕೆರೆ ಕೆಟ್ಟಿಲ್ಲ, ತೂಬಿನ ಬಿರಡೆ ಸಡಿಲ ಆಗೈತೆ. ಅಷ್ಟೇ ಅನ್ನವ್ವಾ" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವಸರ ಬಂದರೆ ಓಡಬೇಡಿ, ನಿಲ್ಲಿ, ಬಿಗಿ ಹಿಡಿದು ಹತ್ತು ಎಣಿಸಿ, ಅವಸರ ಇಳಿದ ಮೇಲೆ ನಿಧಾನ ನಡೆಯಿರಿ. ಇದು ಸಿಸ್ಟರ್ ಹೇಳಿದ ಎರಡನೆಯ ಪಾಠ. ಮೂರನೆಯದು, ಅವಸರ ಬರುವುದಕ್ಕೆ ಮೊದಲೇ ಎರಡು ಗಂಟೆಗೊಮ್ಮೆ ಹೋಗಿಬರುವುದು. ಅದಕ್ಕೆ ಸಿಸ್ಟರ್ ಹಾಸ್ಟೆಲಿನ ಹಳೆಯ ಗಂಟೆಯನ್ನು ತೆಗೆದು ಒರೆಸಿ ನೇತುಹಾಕಿದರು. ಅಲ್ಲಿ ಅವರು ಎಡವಿದರು. ಮೊದಲನೆಯ ದಿನ ಹತ್ತು ಗಂಟೆಗೆ ಢಣ್ ಅಂದದ್ದೇ ತಡ, ಹದಿನಾಲ್ಕು ಜನ ಒಟ್ಟಿಗೆ ಎದ್ದು ಮೂರು ಪಾಯಿಖಾನೆಯ ಮುಂದೆ ಜಮಾಯಿಸಿದೆವು. ವಾಕರುಗಳು ಒಂದಕ್ಕೊಂದು ಸಿಕ್ಕಿಕೊಂಡವು. ಒಳಗೆ ಹೋದವರು ಬರಲಿಲ್ಲ, ಹೊರಗಿದ್ದವರು ಬಾಗಿಲು ಬಡಿದರು. ಪಾಯಿಖಾನೆಗೆ ದೂರದ ತುದಿಯ ಕೋಣೆಯ ಅಮ್ಮ ವಾಕರ್ ತಳ್ಳಿಕೊಂಡು ಕೊನೆಯವರಾಗಿ ಬಂದು, ಸಾಲಿನಲ್ಲೇ ಒದ್ದೆ ಮಾಡಿಕೊಂಡು ಅತ್ತುಬಿಟ್ಟರು. ಅವರಿಗೆ ಬಟ್ಟೆ ಬದಲಾಯಿಸಿ ಬಂದ ಸಿಸ್ಟರ್ ಮೆಟ್ಟಿಲ ಮೇಲೆ ಕೂತು, "ನನ್ನದೇ ತಪ್ಪು" ಅಂದರು. ನಾನು ಒಳಗೊಳಗೇ ಸ್ವಲ್ಪ ಸಂತೋಷಪಟ್ಟೆ. ಮೇಷ್ಟ್ರಿಗೆ ಬೇರೆಯವರ ತಪ್ಪು ಕಂಡರೆ ಆಗುವ ಸಂತೋಷ ಅದು.

ನೀರುಗಂಟಿಯವರು ಕೋಲೂರಿಕೊಂಡು ಅವರ ಹತ್ತಿರ ಹೋದರು. "ಎಲ್ಲಾ ಗದ್ದೆಗೂ ಒಂದೇ ಸಲ ನೀರು ಬಿಡ್ತಾರೇನವ್ವಾ?"

ಸಿಸ್ಟರ್ ತಲೆಯೆತ್ತಿ ನೋಡಿದರು. "ಮತ್ತೆ ಹೆಂಗೆ ತಾತ?"

"ಸರದಿ ಕಟ್ಬೇಕು. ಕೊನೇ ಗದ್ದೆಯಿಂದ ಶುರು ಮಾಡ್ಬೇಕು. ಕೆರೆ ಪಕ್ಕದ ಗದ್ದೆಯೋನಿಗೆ ನೀರು ಕಣ್ಣೆದುರ್ಗೇ ಐತೆ, ಅವ್ನಿಗೇನು ಅವಸ್ರ ಇಲ್ಲ. ಕೊನೇ ಗದ್ದೆಯೋನು ನನ್ಗೆ ಸಿಗ್ತದೋ ಇಲ್ವೋ ಅಂತ ದಿನಾ ಹೆದ್ರಿಕೊಂಡಿರ್ತಾನೆ. ಮೊದ್ಲು ಅವ್ನ ಹೆದ್ರಿಕೆ ಕಳೀಬೇಕು. ನಮ್ಮ ಕೆರೆಯಾಗೆ ಹಂಗೇ."

ಬೇರೆ ಯಾರಾದರೂ ಆಗಿದ್ದರೆ ಹೂಂಗುಟ್ಟಿ ಕಳಿಸುತ್ತಿದ್ದರು. ಸಿಸ್ಟರ್ ಎದ್ದು ನೋಟ್‌ಬುಕ್ ತಂದು ಅವರ ಪಕ್ಕದಲ್ಲಿ ಕೂತರು. ಎರಡು ದಿನ ನೀರುಗಂಟಿಯವರು ಪಡಸಾಲೆಯಲ್ಲೇ ಅಡ್ಡಾಡಿದರು. ಯಾರಿಗೆ ಏಳುವುದಕ್ಕೇ ಐದು ನಿಮಿಷ ಬೇಕು, ಯಾರು ಒಳಗೆ ಹೋದರೆ ಬೇಗ ಬರುವುದಿಲ್ಲ, ಯಾರಿಗೆ ಬಾಗಿಲ ಹತ್ತಿರ ಹೋದಾಗಲೇ ತಡೆಯಲಾಗುವುದಿಲ್ಲ, ಎಲ್ಲವನ್ನೂ ನೋಡಿ ಮನಸ್ಸಿನಲ್ಲಿಟ್ಟುಕೊಂಡರು. ಬರೆಯಲು ಬಾರದ ಮನುಷ್ಯ. ಹದಿನಾಲ್ಕು ಜನರ ಸರದಿಯನ್ನು ತಲೆಯಲ್ಲೇ ಕಟ್ಟಿ ಒಪ್ಪಿಸಿದರು, ಸಿಸ್ಟರ್ ಬರೆದುಕೊಂಡರು. ಮೊದಲ ಸರದಿ ತುದಿಯ ಕೋಣೆಯ ಅಮ್ಮನದು. ಗಂಟೆಯನ್ನು ಬಿಚ್ಚಿ ಒಳಗಿಟ್ಟರು. ಅದರ ಬದಲು ನೀರುಗಂಟಿಯವರೇ ಹೋಗಿ, ಅವರವರ ಬಾಗಿಲ ಚೌಕಟ್ಟಿಗೆ ಕೋಲಿನಿಂದ ಎರಡು ಸಲ ಮೆಲ್ಲಗೆ ತಟ್ಟಿ, "ಸರದಿ" ಅನ್ನುತ್ತಿದ್ದರು. ಅಷ್ಟೇ ಮಾತು. ಯಾರಿಗೂ ನಾಚಿಕೆಯಾಗಲಿಲ್ಲ. ಅವರ ಹತ್ತಿರ ಗಡಿಯಾರವಿರಲಿಲ್ಲ. ಪಡಸಾಲೆಯ ಕಂಬದ ನೆರಳು ನೋಡುತ್ತಿದ್ದರು. ಮೋಡವಿದ್ದ ದಿನ ಏನು ನೋಡುತ್ತಿದ್ದರೋ ಗೊತ್ತಿಲ್ಲ, ಸಿಸ್ಟರ ವಾಚಿಗೆ ಹತ್ತು ನಿಮಿಷ ಹೆಚ್ಚುಕಡಿಮೆ ಬರುತ್ತಿತ್ತು.

ಮೂರು ವಾರಕ್ಕೆ ಕೆಂಪು ಬಕೆಟ್ ಅರ್ಧಕ್ಕಿಳಿಯಿತು. ತುದಿಯ ಕೋಣೆಯ ಅಮ್ಮ ಒಂದು ಸಂಜೆ ಪಡಸಾಲೆಗೆ ಬಂದು, ಭಜನೆ ಮುಗಿಯುವವರೆಗೂ ಕೂತು, ಮಂಗಳಾರತಿ ತೆಗೆದುಕೊಂಡು ಹೋದರು. ಅವರಿಗೆ ಅಷ್ಟು ಒಳ್ಳೆಯ ಕಂಠವಿದೆ ಎಂದು ನಮಗೆ ಅವತ್ತೇ ಗೊತ್ತಾದದ್ದು.

ನನ್ನ ಹೆಸರಿನ ಮುಂದೆ ಮಾತ್ರ ನೋಟ್‌ಬುಕ್ಕಿನಲ್ಲಿ 'ತೊಂದರೆ ಇಲ್ಲ' ಎಂದೇ ಇತ್ತು. ಒಂದು ಬೆಳಿಗ್ಗೆ ನನ್ನ ಮಂಚದ ಕಾಲಿಗೆ ಕೋಲು ಎರಡು ಸಲ ತಟ್ಟಿತು.

"ಮೇಷ್ಟ್ರೇ, ಸರದಿ."

"ನನಗ್ಯಾವ ಸರದಿ ಯಜಮಾನ್ರೇ? ನಮ್ಮ ಕೋಣೆ ಪಾಯಿಖಾನೆ ಪಕ್ಕಕ್ಕೇ ಇದೆ."

"ಕೋಣೆ ಹತ್ರ ಐತೆ. ಹೆದ್ರಿಕೊಂಡಿರೋರು ನೀವೇ." ಬಾಗಿಲು ಮುಂದಕ್ಕೆ ತಳ್ಳಿ ದನಿ ತಗ್ಗಿಸಿದರು. "ಪೇಪರ್ನಾಗೆ ಸುತ್ಕೊಂಡು ತೆಂಗಿನ ಗುಂಡಿಗೆ ಹಾಕ್ತೀರಲ್ಲ, ನಾನು ಬಂದ ವಾರದಿಂದ ನೋಡ್ತಾ ಇವ್ನಿ."

ನಾನು ಎದ್ದು ಕೂತೆ. "ಮತ್ತೆ ದೂರಿನ ವಿಷಯ ಬಂದಾಗ ಯಾಕೆ ಹೇಳ್ಲಿಲ್ಲ?"

"ಕೋಣೇಲಿ ವಾಸ್ನೆ ಇದ್ದಿದ್ದು ನಿಜ. ಅದ್ರಾಗೆ ನಂದೆಷ್ಟು, ನಿಮ್ದೆಷ್ಟು ಅಂತ ಯಾರು ಅಳೀತಾರೆ ಬಿಡಿ."

ಪೈಪಿನ ಮಾತು ಬಂದಾಗಲೂ ಅವರು ನನ್ನ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ನಾನು ಬರೆದ ಒಂದು ಪುಟದ ಕಾಗದದಿಂದ ಹಿಂದಿನ ವಾರ್ಡಿಗೆ ಹೋಗಬೇಕಾಗಿದ್ದ ಮನುಷ್ಯ ಅವರು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಪಟ್ಟದ್ದಿಲ್ಲ. ಅವತ್ತೇ ಸಿಸ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. "ಗೊತ್ತಿತ್ತು ಮೇಷ್ಟ್ರೇ, ನೀವೇ ಹೇಳ್ಲಿ ಅಂತ ಕಾಯ್ತಿದ್ದೆ. ಮೂಗು ನನಗೂ ಇದೆ" ಎಂದು ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದುಹಾಕಿದರು. ಮ್ಯಾನೇಜರಿಗೆ ಎರಡನೆಯ ಕಾಗದ ಬರೆದೆ. ಅದು ಮೊದಲಿನದಕ್ಕಿಂತ ಚಿಕ್ಕದಿತ್ತು.

ಶ್ರಾವಣದಲ್ಲಿ ನೀರುಗಂಟಿಯವರ ತಮ್ಮನ ಮಗ ಬಂದ. ಐವತ್ತರ ಹತ್ತಿರದ ಮನುಷ್ಯ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. "ದೊಡ್ಡಪ್ಪ, ಕೆರೆ ಕೋಡಿ ಬಿದ್ದೈತೆ. ಗೌರಿ ಹಬ್ಬ ಕಳೆದ ಸೋಮವಾರ ತೂಬು ತೆಗೀತಾರೆ. ಈ ಸಲ ನೀನು ಬರ್ಲೇಬೇಕು" ಅಂದ. ಅವರು ಬಾಳೆಹಣ್ಣು ಎಲ್ಲರಿಗೂ ಹಂಚಿಸಿದರು. ಕೆರೆಯ ಮಾತಿಗೆ ಮಾತ್ರ, "ಆಗಲ್ಲ ಕಣಪ್ಪಾ" ಎಂದು ಮುಖ ತಿರುಗಿಸಿದರು.

ಕಾರಣ ಏನೆಂದು ಸಿಸ್ಟರ್ ಕೇಳಿದ್ದಕ್ಕೆ ಆಮೇಲೆ ಹೇಳಿದರು. ನಾನು ಪಕ್ಕದ ಮಂಚದಲ್ಲೇ ಇದ್ದೆ. ಅವರ ಊರಿನಲ್ಲಿ ವರ್ಷಕ್ಕೊಮ್ಮೆ ತೂಬು ತೆಗೆಯುವ ಮೊದಲು ಮನೆತನದ ಹಿರಿಯ ನೀರುಗಂಟಿ ಮೆಟ್ಟಿಲಿಳಿದು, ಸೊಂಟದವರೆಗಿನ ನೀರಿನಲ್ಲಿ ನಿಂತು, ತೂಬಿನ ಕಲ್ಲಿಗೆ ಅರಿಸಿನ ಹಚ್ಚಿ ಹೂವಿಡಬೇಕು. ಮೈ ಶುದ್ಧವಾಗಿರಬೇಕು. ಮೂರು ವರ್ಷದ ಹಿಂದೆ ತಟ್ಟೆ ಹಿಡಿದು ಮೊದಲನೆಯ ಮೆಟ್ಟಿಲ ಮೇಲೆ ನಿಂತಿದ್ದಾಗ ಪಂಚೆಯಲ್ಲೇ ಆಗಿಹೋಯಿತಂತೆ. ಯಾರೂ ನೋಡಿರಲಿಲ್ಲ.

"ಇನ್ನೆರಡು ಮೆಟ್ಲು ಇಳಿದಿದ್ರೆ ಎಲ್ಲಾ ಒದ್ದೇನೇ, ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಅಂದರು ನೀರುಗಂಟಿಯವರು. "ಊರಿಗೆ ಗೊತ್ತಾಗ್ತಿರ್ಲಿಲ್ಲ. ಕೆರೆಗೆ ಸುಳ್ಳು ಹೇಳೋಕಾಯ್ತದಾ? ಎದೆನೋವು ಅಂತ ಹೇಳಿ ತಟ್ಟೆ ತಮ್ಮನ ಮಗ್ನ ಕೈಗೆ ಕೊಟ್ಟು ಬಂದ್ಬಿಟ್ಟೆ. ಅವತ್ತಿಂದ ಕೆರೆ ಏರಿ ಹತ್ತಿಲ್ಲ."

ಸಿಸ್ಟರ್ ನೋಟ್‌ಬುಕ್ ತೆಗೆದು ಅವರ ಪುಟ ತೋರಿಸಿದರು. ಓದಲು ಬಾರದವರಿಗೆ ಅರ್ಥವಾಗಲಿ ಎಂದು ಒದ್ದೆಯಾದ ದಿನಕ್ಕೆ ಕೆಂಪು ಚುಕ್ಕೆ, ಒಣ ದಿನಕ್ಕೆ ನೀಲಿ ಚುಕ್ಕೆ ಇಟ್ಟಿದ್ದರು. ಮೊದಲ ಸಾಲುಗಳು ಪೂರ್ತಿ ಕೆಂಪು. ಕೆಳಗೆ ಬಂದ ಹಾಗೆ ನೀಲಿ ಹೆಚ್ಚಾಗಿತ್ತು. ಕೊನೆಯ ವಾರದಲ್ಲಿ ಒಂದೇ ಕೆಂಪು. "ಇನ್ನೂ ಒಂದು ತಿಂಗಳಿದೆ ತಾತ. ನಾನೂ ಬರ್ತೀನಿ. ಮೇಷ್ಟ್ರೂ ಬರ್ತಾರೆ" ಅಂದರು. ನನ್ನನ್ನು ಕೇಳಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಪೈಪಿನ ಮಾತನ್ನು ಮ್ಯಾನೇಜರು ತಾವಾಗಿಯೇ ಮರೆತರು. ಆ ಸೋಮವಾರ ಸಿಸ್ಟರ್ ರಜೆ ಹಾಕಿ ಬಂದರು. ತಮ್ಮನ ಮಗ ಕಾರು ತಂದಿದ್ದ. ಚೀಲ ನನ್ನ ಕೈಯಲ್ಲಿತ್ತು. ಅದರೊಳಗೆ ಮಡಿಸಿದ ಎರಡು ಪಂಚೆ, ಒಂದು ಅವರಿಗೆ, ಒಂದು ನನಗೆ, ಆಗಬಾರದ್ದು ಆದರೆ ಇರಲಿ ಎಂದು. ಹೊರಡುವಾಗ ಸರದಿ ಆಯಿತು. ಅಮೃತಾಪುರದಲ್ಲಿ ದೇವಸ್ಥಾನಕ್ಕೆ ಹೋಗಿಬರೋಣವೇ ಎಂದು ತಮ್ಮನ ಮಗ ಕೇಳಿದ್ದಕ್ಕೆ, "ವಾಪಸ್ ಬರ್ತಾ ನಿಲ್ಸಿ. ಈಗ ಟೈಮ್ ತಪ್ಪುತ್ತೆ" ಎಂದು ಸಿಸ್ಟರ್ ದೇವರಿಗೇ ಸರದಿ ಹಚ್ಚಿದರು. ಅಜ್ಜಂಪುರದಲ್ಲಿ ಸಿಸ್ಟರ ಅಕ್ಕನ ಮನೆ. ಆ ಮನೆಯವರು ನಮ್ಮನ್ನು ಏನೂ ಕೇಳದೆ, ಹಿಂದಿನ ಬಾಗಿಲಿನಿಂದ ಬಚ್ಚಲಿಗೆ ಕರೆದುಕೊಂಡು ಹೋಗಿ, ಕೈತೊಳೆಯಲು ನೀರು ಕೊಟ್ಟು, ಟೀ ಮಾತ್ರ ಕೊಡದೆ ಕಳಿಸಿದರು. ಮೊದಲೇ ಫೋನು ಹೋಗಿತ್ತು. ಆಗ ಒಂಬತ್ತೂವರೆ.

ಪೂಜೆ ಹತ್ತೂವರೆಗೆ ಎಂದಿದ್ದರು. ಏರಿಯ ಮೇಲೆ ಶಾಮಿಯಾನ, ಮೈಕು, ಊರಿನ ಜನ ಎಲ್ಲ ಸೇರಿದ್ದರು. ಕೆರೆ ತುಂಬಿ ಮೆಟ್ಟಿಲುಗಳ ಅರ್ಧಕ್ಕೆ ಬಂದಿತ್ತು. ನೀರುಗಂಟಿಯವರು ಕೆರೆಯನ್ನು ನೋಡಿ ಕೈಮುಗಿದರು. ವಯಸ್ಸಾದವರು ಬಂದು ಕೈಹಿಡಿದು, "ಎದೆನೋವು ಹೆಂಗೈತಪ್ಪಾ?" ಎಂದು ವಿಚಾರಿಸಿದರು. ಅವರ ಕೈಗೆ ಅರಿಸಿನ ಹೂವಿನ ತಟ್ಟೆ ಕೊಟ್ಟು ಮೇಲಿನ ಮೆಟ್ಟಿಲ ಮೇಲೆ ನಿಲ್ಲಿಸಿದರು. ಇಷ್ಟಾದರೂ ಪೂಜೆಗೆ ಕರೆದಿದ್ದ ಮುಖ್ಯ ಅತಿಥಿಗಳು ಬರಲಿಲ್ಲ. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು.

ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಬೆರಳುಗಳು ಕಲ್ಲನ್ನು ಒತ್ತಿ ಹಿಡಿದಿದ್ದವು. ಅವಸರ ಬಂದಿದೆ, ಬಿಗಿ ಹಿಡಿದಿದ್ದಾರೆ. ಎದುರಿಗೆ ಹೆಂಗಸರ ನಡುವೆ ನಿಂತಿದ್ದ ಸಿಸ್ಟರ್ ಮುಷ್ಟಿ ಬಿಗಿದು ಬಿಟ್ಟು, ಬಿಗಿದು ಬಿಟ್ಟು ಅವರಿಗೆ ಸನ್ನೆ ಮಾಡುತ್ತಿದ್ದರು. ಅಷ್ಟರಲ್ಲಿ ಏರಿಯ ಆ ತುದಿಯಲ್ಲಿ ಕಾರು ಕಾಣಿಸಿತು. ಮೈಕಿನವನು, "ಮಾನ್ಯ ಅತಿಥಿಗಳು ಆಗಮಿಸುತ್ತಿದ್ದಾರೆ, ನೀರುಗಂಟಿಯವರು ಸಿದ್ಧರಾಗಬೇಕು" ಎಂದ. ಇನ್ನೆರಡು ಮೆಟ್ಟಿಲು ಇಳಿದರೆ ನೀರು. ಮೂರು ವರ್ಷದ ಹಿಂದಿನ ಜಾಗದಲ್ಲೇ ಅವರು ನಿಂತಿದ್ದರು.

ನೀರುಗಂಟಿಯವರು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟರು. ಕೋಲು ತೆಗೆದುಕೊಂಡು ಕಲ್ಲಿಗೆ ಎರಡು ಸಲ ತಟ್ಟಿದರು. ಮೈಕಿನವನ ಹತ್ತಿರ ಬಂದು, "ನಿಲ್ಸಪ್ಪಾ" ಅಂದರು. "ನನ್ನ ಸರದಿ ಐತೆ. ಉಚ್ಚೆಗೆ ಹೋಗ್ಬಂದು ನೀರಿಗೆ ಇಳೀತೀನಿ. ಅವತ್ತು ಎದೆನೋವು ಅಂದಿದ್ದು ಸುಳ್ಳು. ಅವತ್ತೂ ಇದೇ ಆಗಿತ್ತು."

ಮೈಕು ಆನ್ ಇತ್ತು. ಇಡೀ ಏರಿಗೆ ಕೇಳಿಸಿತು. ಎಲ್ಲೋ ಹಿಂದಿನಿಂದ ಒಬ್ಬರು ನಕ್ಕು ನಿಲ್ಲಿಸಿದರು. ನನ್ನ ಕಾಲುಗಳು ತಾವಾಗಿಯೇ ಮೈಕಿನ ಹತ್ತಿರ ಹೋದವು. "ನನ್ನದೂ ಸರದಿ ಇದೆ" ಅಂದೆ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ಮುಂದೆ ನಿಂತು ಮಾತಾಡಿದ್ದೇನೆ. ಅಷ್ಟು ನಿಜವಾದ ಮಾತು ಅವತ್ತೇ ಆಡಿದ್ದು.

ಪಾಯಿಖಾನೆ ಇದ್ದದ್ದು ಏರಿಯ ಇನ್ನೊಂದು ಕೊನೆಯ ಶಾಲೆಯಲ್ಲಿ. ತಮ್ಮನ ಮಗ ಬೈಕು ತರುತ್ತೇನೆಂದ. "ಬೇಡ, ಕುಲುಕುತ್ತೆ. ನಡೀಲಿ" ಎಂದರು ಸಿಸ್ಟರ್. ನಡೆದೆವು. ಏರಿ ಅಗಲವಿಲ್ಲ, ಅತಿಥಿಗಳ ಕಾರು ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟಿತು. ಅರ್ಧ ದಾರಿಗೆ ನೀರುಗಂಟಿಯವರು ನಿಂತುಬಿಟ್ಟರು. ಮುಖ ಬಿಗಿದಿತ್ತು. "ಎಣ್ಸಿ ಮೇಷ್ಟ್ರೇ" ಅಂದರು. ಡ್ರಿಲ್ ಮಾಡಿಸುವವನ ಹಾಗೆ ಜೋರಾಗಿ ಒಂದರಿಂದ ಹತ್ತರವರೆಗೆ ಎಣಿಸಿದೆ. ಅವರು ಉಸಿರು ಬಿಟ್ಟರು. ಮತ್ತೆ ನಡೆದೆವು. ಮೈಕಿನ ಮಾತು ಕೇಳಿಸಿಕೊಂಡ ಶಾಲೆಯ ಮೇಡಂ ಪಾಯಿಖಾನೆಯ ಬೀಗ ತೆಗೆದು ಕಾಯುತ್ತಿದ್ದರು. ನೀರುಗಂಟಿಯವರು ಒಳಗೆ ಹೋದರು. ಹೊರಗೆ ಬಂದಾಗ ನಾನು ಪಂಚೆಯನ್ನು ನೋಡಿದೆ. ಒದ್ದೆಯಾಗಿರಲಿಲ್ಲ.

ನಾನೂ ಹೋಗಿ ಬಂದು ನೋಡಿದರೆ ನಮ್ಮ ಹಿಂದೆಯೇ ಊರಿನ ಆರೇಳು ಹಿರಿಯರು ಬಂದು ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೀರುಗಂಟಿಯವರು ಅವರನ್ನು ಒಮ್ಮೆ ನೋಡಿ, ಎಲ್ಲರ ಹಿಂದೆ ಕೋಲೂರಿ ನಿಂತಿದ್ದವರನ್ನು ಮುಂದಕ್ಕೆ ಕರೆದು ಒಳಗೆ ಕಳಿಸಿದರು.

ವಾಪಸ್ ಬಂದು ಕೈಕಾಲು ತೊಳೆದುಕೊಂಡರು. ಕೋಲನ್ನು ಸಿಸ್ಟರ ಕೈಗೆ ಕೊಟ್ಟು ತಟ್ಟೆ ತೆಗೆದುಕೊಂಡರು. ಮೊದಲ ಮೆಟ್ಟಿಲು, ಎರಡನೆಯದು. ಮೊಣಕಾಲು ಮುಳುಗಿತು, ತೊಡೆ ಮುಳುಗಿತು, ಸೊಂಟದವರೆಗೆ ನೀರು ಬಂತು. ತೂಬಿನ ಕಲ್ಲಿಗೆ ಅರಿಸಿನ ಹಚ್ಚಿ, ಹೂವಿಟ್ಟು, ಕಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ಏನೋ ಹೇಳಿದರು. ನಮಗೆ ಕೇಳಿಸಲಿಲ್ಲ. ತಮ್ಮನ ಮಗ ಇಳಿದು ಬಿರಡೆ ಎತ್ತಿದ. ಏರಿಯ ಈಚೆ ಕಾಲುವೆಯಲ್ಲಿ ನೀರು ಸದ್ದು ಮಾಡುತ್ತ ಬಂತು. ನನಗೆ ಅಳು ಬಂತು, ಅತ್ತೆ. ಸಿಸ್ಟರ್ ಕೋಲು ಹಿಡಿದುಕೊಂಡೇ ಬುರ್ಖಾದ ತುದಿಯಲ್ಲಿ ಕಣ್ಣೊರೆಸಿಕೊಂಡರು. ನೀರುಗಂಟಿಯವರು ಮೇಲೆ ಬಂದ ಮೇಲೆ ಚೀಲದಿಂದ ಪಂಚೆ ತೆಗೆದುಕೊಟ್ಟೆ. ಒದ್ದೆಯದನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡೆ.

ಆಶ್ರಮಕ್ಕೆ ಬಂದಾಗ ಸಂಜೆ ಐದು. ಚೀಲ ತೆಗೆದುಕೊಳ್ಳಲು ಬಂದ ಆಯಾ ಒದ್ದೆ ಪಂಚೆಯನ್ನು ಮುಟ್ಟಿ ನೋಡಿದಳು. ನೀರುಗಂಟಿಯವರ ಮುಖ ನೋಡಿ ಅಯ್ಯೋ ಎನ್ನುವ ಹಾಗೆ ತುಟಿ ಮಾಡಿ, ಅದನ್ನು ಎತ್ತಿಕೊಂಡು ಕೆಂಪು ಬಕೆಟ್ಟಿನ ಕಡೆ ಹೊರಟಳು.

"ಅದ್ರಾಗೆ ಹಾಕ್ಬೇಡ ಕಣವ್ವಾ" ಅಂದರು ನೀರುಗಂಟಿಯವರು. "ಅದು ಕೆರೆ ನೀರು."

ಅವಳು ನಮ್ಮೆಲ್ಲರ ಮುಖ ನೋಡಿದಳು. ಆಮೇಲೆ ಪಂಚೆಯನ್ನು ಕೊಡವಿ, ಒಗೆಯದೆ, ಮುಂದಿನ ಅಂಗಳದ ತಂತಿಯ ಮೇಲೆ ಹರಡಿದಳು.